ಉಗ್ರಾಣದಲ್ಲಿ ಬೀಗ ಹಾಕಿಟ್ಟ ಬ್ಯಾಟರಿ

1979ರಲ್ಲಿ ನಾನು ರಾಯಚೂರಿನ ಟ್ರ್ಯಾಕ್ಟರ್ ವರ್ಕ್‌ಶಾಪೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಮಾನ್ವಿ, ದೇವದುರ್ಗದ ಕಡೆಯ ಹಳ್ಳಿಗಳಿಗೆ ಹೋಗಿ ರಿಪೇರಿ ಮಾಡುವುದು ನನ್ನ ಪಾಲಿನ ಕೆಲಸ. ಆಗಲೇ ಹನ್ನೆರಡು ವರ್ಷದ ಅನುಭವವಾಗಿತ್ತು. ಟ್ರ್ಯಾಕ್ಟರಿನ ಸದ್ದು ಕೇಳಿಯೇ ರೋಗ ಹೇಳಬಲ್ಲೆ ಎಂಬ ಸೊಕ್ಕು ಬೇರೆ. ಆ ಸೊಕ್ಕು ಇಳಿದದ್ದು ಕವಿತಾಳದ ಹತ್ತಿರದ ಒಂದು ಹಳ್ಳಿಯಲ್ಲಿ.

ಟ್ರ್ಯಾಕ್ಟರ್ ಶರಣಪ್ಪಗೌಡರದು. ಅವರ ತಂದೆ ಕೊಂಡಿದ್ದು. ಕೊಂಡ ದಿನದಿಂದ ಹದಿನೈದು ವರ್ಷ ಅದನ್ನು ಓಡಿಸುತ್ತ ಬಂದವರು ಡ್ರೈವರ್ ಖಾಜಾಸಾಬ್. ಗೌಡರ ತಾಯಿ ನೀಲವ್ವನಿಗಂತೂ ಅದು ಮನೆಯ ಎತ್ತಿನ ಸಮ. ಪ್ರತಿ ಸೋಮವಾರ ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ ಕೈಮುಗಿಯದೆ ಆಕೆ ಊಟಕ್ಕೆ ಕೂರುತ್ತಿರಲಿಲ್ಲ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿಯಾಗುತ್ತದೆ, ಸೆಲ್ಫ್ ಸ್ಟಾರ್ಟರ್ ತಿರುಗುವುದಿಲ್ಲ ಎಂಬುದು ದೂರು. ನಾನು ಮೊದಲ ಸಲ ಹೋದಾಗ ಮಟಮಟ ಮಧ್ಯಾಹ್ನ, ನನಗೆ ಬಸ್ಸು ಹಿಡಿಯುವ ಅವಸರ. ನೋಡಿದರೆ ಲೈಟಿನ ಸ್ವಿಚ್ ಆನ್ ಆಗಿದೆ!

"ಕರೆಂಟ್ ಅದೋ ಇಲ್ಲೋ ನೋಡಾಕ ಈಗ ಹಾಕೀನ್ರೀ ಸಾಹೇಬ್ರ," ಎಂದರು ಖಾಜಾಸಾಬ್.

"ಹ್ಞೂಂ, ಎಲ್ಲಾ ಡ್ರೈವರ್‌ಗಳೂ ಹಿಂಗೇ ಅಂತಾರ," ಎಂದು ನಾನು ನಕ್ಕೆ. ಜಾಬ್ ಕಾರ್ಡಿನಲ್ಲಿ, ಅಂದರೆ ರಿಪೇರಿಯ ವಿವರ ಬರೆದು ಮಾಲೀಕರಿಗೆ ಕೊಡುವ ಚೀಟಿಯಲ್ಲಿ, 'ಕಾರಣ: ಚಾಲಕನ ಅಲಕ್ಷ್ಯ' ಎಂದು ಗೀಚಿ ಸಹಿ ಹಾಕಿದೆ. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಕರೆ ಬಂತು. ಗೌಡರು ಹೊಸ ಬ್ಯಾಟರಿ ಹಾಕಿಸಿದ್ದರು. ಅದಕ್ಕೂ ಅದೇ ಗತಿಯಾಗಿತ್ತು. ನಾನು ಚೀಲ ಇಳಿಸುವ ಮೊದಲೇ ಅವರು ನನ್ನ ಕಾರ್ಡನ್ನು ಮುಂದೆ ಹಿಡಿದರು.

"ನೀವಽ ಬರ್ದೀರಿ ನೋಡ್ರಿ. ನಾ ಊರಾಗ ಇಲ್ಲದಾಗ ಖಾಜಾ ಗಾಡಿ ಹೊರಗ ಒಯ್ತಾನಂತ ಮಂದಿ ಅಂತಾರ. ಈ ವಾರದಾಗ ಲೆಕ್ಕ ಮುಗಿಸಿ ಕಳಿಸಿಬಿಡ್ತೀನಿ."

ಖಾಜಾಸಾಬ್ ತಲೆ ತಗ್ಗಿಸಿ ನಿಂತಿದ್ದರು. ಕೆಲಸ ಹೋಗುವುದೊಂದೇ ಅಲ್ಲ, ಮಾನವೂ ಹೋಗುತ್ತಿತ್ತು. ಅದೂ ನನ್ನ ಕೈಬರಹದ ಸಾಕ್ಷಿಯಿಂದ.

ಈ ಸಲ ಕೂತು ಕೆಲಸ ಮಾಡಿದೆ. ಸ್ವಿಚ್ಚುಗಳನ್ನೆಲ್ಲ ಆರಿಸಿ, ಬ್ಯಾಟರಿಯ ಒಂದು ವೈರ್ ಬಿಚ್ಚಿ, ನಡುವೆ ಟೆಸ್ಟ್ ಲ್ಯಾಂಪ್ ಜೋಡಿಸಿದೆ. ಎಲ್ಲಿಯಾದರೂ ಕರೆಂಟ್ ಸೋರುತ್ತಿದ್ದರೆ ಆ ಬಲ್ಬು ಉರಿಯಬೇಕು. ಉರಿಯಲಿಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಡೈನಮೋಗೂ ಬ್ಯಾಟರಿಗೂ ನಡುವೆ ಕಟೌಟ್ ಎಂಬ ಡಬ್ಬಿ ಇರುತ್ತದೆ. ಇಂಜಿನ್ ನಿಂತಾಗ ಅದರ ಪಾಯಿಂಟುಗಳು ಬಿಟ್ಟುಕೊಳ್ಳದಿದ್ದರೆ ಕರೆಂಟೆಲ್ಲ ಡೈನಮೋಗೆ ವಾಪಸು ಹರಿದುಹೋಗುತ್ತದೆ. ಅದನ್ನೂ ತೆಗೆದು ನೋಡಿದೆ. ಪಾಯಿಂಟುಗಳು ಸರಿಯಾಗಿದ್ದವು.

ಕೊನೆಗೆ ಬ್ಯಾಟರಿಯನ್ನೇ ಕಳಚಿ, ಕವಿತಾಳದಲ್ಲಿ ಚಾರ್ಜ್ ಮಾಡಿಸಿ ತರಿಸಿದೆ. ಮೀಟರ್ ಹನ್ನೆರಡೂವರೆ ವೋಲ್ಟ್ ತೋರಿಸಿತು. ಅದನ್ನು ಗೌಡರ ಮನೆಯ ಉಗ್ರಾಣದಲ್ಲಿ ಇಡಿಸಿ ಬೀಗ ಹಾಕಿಸಿದೆ. ಕೀಲಿ ನೀಲವ್ವನ ಸೊಂಟದಲ್ಲಿ. "ನಾಕು ದಿನ ಯಾರೂ ಮುಟ್ಟಬ್ಯಾಡ್ರಿ," ಎಂದು ಹೇಳಿ ರಾಯಚೂರಿಗೆ ಹೊರಟೆ.

ಮಂಗಳವಾರ ಬಂದು ಮೀಟರ್ ಹಚ್ಚಿದರೆ ಹತ್ತು ವೋಲ್ಟೂ ಇಲ್ಲ! ಟ್ರ್ಯಾಕ್ಟರಿಗೆ ಜೋಡಿಸದೆಯೇ ಬ್ಯಾಟರಿ ಸತ್ತಿತ್ತು. ಅಂದರೆ ಸೋರಿಕೆ ಅದರ ಹೊಟ್ಟೆಯೊಳಗೇ ಇದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ: ಆರೂ ಮುಚ್ಚಳ ತಿರುವಿ ತೆಗೆದು ಹೈಡ್ರೋಮೀಟರ್ ಇಳಿಸಿದೆ. ಅದು ಆಸಿಡ್ಡಿನ ಕಸುವು ಅಳೆಯುವ ಗಾಜಿನ ಕೊಳವೆ. ನೀರಿನಂತೆ ತಿಳಿಯಾಗಿರಬೇಕಾದ ಆಸಿಡ್ ಬೂದಿ ಕದಡಿದ ಮಡ್ಡಿಯಾಗಿ ಮೇಲೆ ಬಂತು.

"ಇದರಾಗ ಯಾರು ಏನು ಹಾಕೀರಿ?" ಎಂದು ಗದರಿದೆ.

ಖಾಜಾಸಾಬ್ ಬಗ್ಗಿ ನೋಡಿದರು. ಬಾಗಿಲ ಬಳಿ ನಿಂತಿದ್ದ ನೀಲವ್ವನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ತಟ್ಟನೆ, "ನಾನಽ ಹಾಕೀನ್ರೀ. ಬಾವಿ ನೀರು ಹಾಕಿದ್ದೆ. ತಪ್ಪಾತು," ಎಂದರು.

ಗೌಡರು, "ಕೇಳಿದ್ರ್ಯಾ?" ಎನ್ನುವಂತೆ ನನ್ನ ಕಡೆ ತಿರುಗಿದರು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಬಾವಿ ನೀರಿನಲ್ಲಿ ಬೂದಿ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಬಾಗಿಲ ಬಳಿಯಿಂದ ನೀಲವ್ವ ಗುಡುಗಿದಳು. "ಲೇ ಖಾಜಾ, ಬಾಯಿ ಮುಚ್ಚು! ಸುಳ್ಳು ಯಾಕ ಹೇಳ್ತೀಯೋ? ಕೀಲಿ ನನ್ನ ನಡುವಿನಾಗ ಅದ. ಹಾಕಿದಾಕಿ ನಾನು."

ಹಿಂದೊಮ್ಮೆ ಖಾಜಾಸಾಬ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುವುದನ್ನು ಆಕೆ ನೋಡಿದ್ದಳು. ಹಳೆಯ ಬ್ಯಾಟರಿ ಸವೆದು ಕೈಕೊಡಲು ಶುರುವಾದಾಗ ಸೋಮವಾರದ ಪೂಜೆ ಮುಗಿಸಿ, ಲಿಂಗಕ್ಕೆ ಎರೆದ ನೀರಿಗೆ ವಿಭೂತಿ ಕದಡಿ, ತಾಮ್ರದ ತಂಬಿಗೆಯಿಂದ ಆರೂ ಬಾಯಿಗೆ ಒಂದೊಂದು ಉದ್ಧರಣೆ ತೀರ್ಥ ಬಿಡತೊಡಗಿದಳು. ಖಾಜಾನ ಮೇಲೆ ಮಾತು ಬಂದ ಮೇಲೆ ಹೊಸ ಬ್ಯಾಟರಿಗೂ ಎರಡೆರಡು. ನಿನ್ನೆಯ ಸೋಮವಾರ ಉಗ್ರಾಣದಲ್ಲೂ ಬಿಟ್ಟಿದ್ದಳು.

"ಆ ನಿಂದೆ ಅವನ ಮ್ಯಾಗಿಂದ ಹೋಗ್ಲಿ ಅಂತ ಹಾಕಿದ್ನೆಪ್ಪಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಕೈಯಾರೆ ನಾನಽ ತಂದ್ನಲ್ಲೋ!"

ಬೂದಿ ಆಸಿಡ್ಡಿನ ಕಸುವು ತೆಗೆಯುತ್ತದೆ. ತಾಮ್ರ, ಉಪ್ಪಿನ ಅಂಶ ಸೇರಿದರೆ ಬ್ಯಾಟರಿ ಕುಂತಲ್ಲೇ ಖಾಲಿಯಾಗುತ್ತದೆ. ಆದರೆ ಅಳುತ್ತಿರುವ ಮುದುಕಿಯ ಮುಂದೆ ಆ ಪಾಠ ಹೇಗೆ ಹೇಳಲಿ? "ಯವ್ವಾ, ಮೊದಲಿನ ತಪ್ಪು ನಂದು," ಎಂದೆ. ಗೌಡರ ಕೈಯಿಂದ ಕಾರ್ಡು ಇಸಿದುಕೊಂಡು, ಬರೆದದ್ದನ್ನು ಎಲ್ಲರೆದುರು ಹೊಡೆದುಹಾಕಿ, ಪಕ್ಕದಲ್ಲಿ 'ಪರೀಕ್ಷಿಸದೆ ಬರೆದದ್ದು' ಎಂದು ಸಹಿ ಮಾಡಿದೆ. ಗೌಡರು ಗೂಟದಲ್ಲಿದ್ದ ಟ್ರ್ಯಾಕ್ಟರ್ ಕೀಲಿ ತೆಗೆದು ಖಾಜಾಸಾಬರ ಕೈಗಿಟ್ಟರು.

ನೀಲವ್ವ ಮೆಲ್ಲಗೆ ಕೇಳಿದಳು: "ಹಂಗಾರ ಇನ್ನ ಮ್ಯಾಲೆ ಸೋಮಾರ ಏನು ಮಾಡ್ಲೋ?"

"ಗಾಡಿಗೆ ವಿಭೂತಿ ಹಚ್ಚು ಯವ್ವಾ, ಬ್ಯಾಡನ್ನಂಗಿಲ್ಲ. ತೀರ್ಥ ಮಾತ್ರ ನನಗ ಕೊಡು," ಎಂದರು ಖಾಜಾಸಾಬ್, ಬೊಗಸೆ ಮುಂದೆ ಚಾಚಿ.

ಮುದುಕಿ ಅಳುತ್ತಲೇ ನಕ್ಕಳು. ನಾನು ಮುಖ ಆಚೆ ತಿರುಗಿಸಿ ಸ್ಪ್ಯಾನರ್ ಹುಡುಕುವ ನಾಟಕ ಮಾಡಿದೆ. ಅದಾದ ಮೇಲೆ ನಿವೃತ್ತನಾಗುವವರೆಗೂ, ಯಂತ್ರವನ್ನು ಪೂರ್ತಿ ಬಿಚ್ಚಿ ನೋಡುವ ಮುಂಚೆ ಒಬ್ಬ ಮನುಷ್ಯನ ಮೇಲೆ ಒಂದಕ್ಷರವನ್ನೂ ನಾನು ಬರೆಯಲಿಲ್ಲ.