ನೆಟ್ಟ ಕೋಲು, ಅಡ್ಡ ಕೋಲು

ಇಲಿಯನ್ನು ನೆನೆದು ಹೊಟ್ಟೆಕಿಚ್ಚು ಪಟ್ಟ ಮೇಷ್ಟ್ರು ಹೊಳಲ್ಕೆರೆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಎಪ್ಪತ್ತೈದನೇ ಇಸವಿಯ ಆಸುಪಾಸು ಯಾವುದೋ ವಿಜ್ಞಾನ ಪತ್ರಿಕೆಯಲ್ಲಿ ಓದಿದೆ: ಇಲಿಯ ಮಿದುಳಿನಲ್ಲಿ ನೋಟಕ್ಕೆಂದೇ ಇರುವ ಜೀವಕೋಶಗಳಲ್ಲಿ ಕೆಲವು ನೆಟ್ಟಗೆ ನಿಂತ ಅಂಚು ಕಂಡರೆ ಚುರುಕಾಗುತ್ತವಂತೆ, ಕೆಲವು ಅಡ್ಡ ಮಲಗಿದ್ದಕ್ಕೆ, ಇನ್ನು ಕೆಲವು ಓರೆಯಾದದ್ದಕ್ಕೆ. ಗೋಡೆ ಬದಿಯಲ್ಲಿ ಓಡುವ ಇಲಿಗೂ ಇಷ್ಟೊಂದು ಏರ್ಪಾಡು! ನನ್ನ ಹೆಂಡತಿ ಆಗ ಅಕ್ಕಿ ಡಬ್ಬದ ಹಿಂದೆ ಬೋನು ಇಡುತ್ತಿದ್ದಳು. ನನಗೆ ಮಾತ್ರ ರಾಮಗಿರಿಯ ತಿಪ್ಪಮ್ಮ ನೆನಪಾದಳು.

ತಿಪ್ಪಮ್ಮ ಕುರಿ ಕಾಯುವ ಕರಿಯಪ್ಪನ ಹಿರಿಮಗಳು. ಹುಟ್ಟುವಾಗಲೇ ಎರಡೂ ಕಣ್ಣಿಗೆ ಪೊರೆ. ಬೆಳಕು, ಕತ್ತಲೆ ಗೊತ್ತಾಗುತ್ತಿತ್ತು, ಅಷ್ಟೇ. ಆದರೂ ಹಟ್ಟಿಯ ತುಂಬ ಸಲೀಸಾಗಿ ಓಡಾಡಿಕೊಂಡಿದ್ದಳು. ಅವಳಿಗೆ ಇಪ್ಪತ್ತು ದಾಟಿದ ಮೇಲೆ ಚಿತ್ರದುರ್ಗದಲ್ಲಿ ಕಣ್ಣಿನ ಶಿಬಿರ ನಡೆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ದಪ್ಪ ಕನ್ನಡಕ ಹಾಕಿಸಿದ ದಿನ ನಾನೂ ಜೊತೆಗಿದ್ದೆ. ಕರಿಯಪ್ಪ ಕೈಯಲ್ಲಿದ್ದ ಕೋಲನ್ನು ನೆಟ್ಟಗೆ ಹಿಡಿದು, "ಏನವ್ವ ಇದು?" ಅಂದ.

"ಏನೋ ಐತೆ ಕಣಪ್ಪ. ಏನಂತ ಗೊತ್ತಾಗ್ತಿಲ್ಲ."

ಕೋಲನ್ನು ಅಡ್ಡ ಮಾಡಿದ. ಅವಳಿಗೆ ಎರಡೂ ಒಂದೇ. ಕೈಗೆ ಕೊಟ್ಟಾಗ ನಕ್ಕಳು: "ಅಯ್ಯ, ನಿನ್ ಕೋಲು!"

ದಿನ ಕಳೆದರೆ ಸರಿಹೋಗುತ್ತದೆ ಅಂದೆ. ಜೀವಶಾಸ್ತ್ರದ ಮೇಷ್ಟ್ರಿಗೆ ಎಲ್ಲದಕ್ಕೂ ಉತ್ತರ ಕೊಡುವ ಚಟ. ಸರಿಹೋಗಲಿಲ್ಲ. ಬಣ್ಣ ಕಲಿತಳು, ಆಕಾರ ದಕ್ಕಲಿಲ್ಲ. ನೆಲದ ಮೇಲಿನ ನೆರಳನ್ನೂ ಗುಂಡಿಯೆಂದುಕೊಂಡು ಹೆದರುತ್ತಿದ್ದಳು. ಕಡೆಗೆ ನಡೆಯುವಾಗ ಕಣ್ಣು ಮುಚ್ಚಿಕೊಳ್ಳತೊಡಗಿದಳು.

ಪತ್ರಿಕೆ ಓದಿದ ಮೇಲೆ ಕರಿಯಪ್ಪನ ಮನೆಗೆ ಹೋಗಿ ತಿಳಿದಷ್ಟು ಹೇಳಿದೆ. ನೋಡುವುದಕ್ಕೆ ಕಣ್ಣೊಂದೇ ಸಾಲದು, ಮಿದುಳೂ ಪಳಗಬೇಕು, ಅದು ಎಳೆತನದಲ್ಲೇ ಆಗಬೇಕು. ಹೇಳುತ್ತಿದ್ದಂತೆಯೇ ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿತು.

"ಹಂಗಾರೆ ಕೂಸಿದ್ದಾಗ್ಲೇ ದುರ್ಗಕ್ಕೆ ಕರ್ಕಂಡು ಹೋಗಿದ್ರೆ ಕಾಣ್ತಿತ್ತೇನ್ರಿ ಮೇಷ್ಟ್ರೇ?"

ಒಳಗಿದ್ದ ತಿಪ್ಪಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

ಮರುವರ್ಷ ಅವಳ ತಂಗಿ ಹೆತ್ತ ಹೆಣ್ಣುಕೂಸಿನ ಕಣ್ಣಲ್ಲೂ ಬಿಳುಪು ಕಂಡಿತು. ಸ್ವಲ್ಪ ದೊಡ್ಡದಾಗಲಿ ಎಂದರು ಮನೆಯವರು. ತಿಪ್ಪಮ್ಮ ಕೂಸನ್ನು ಮಡಿಲಿಗೆಳೆದುಕೊಂಡು, "ದೊಡ್ಡದಾಗೋ ಹೊತ್ಗೆ ನನ್ನಂಗೇ ಆಗ್ತೈತೆ. ಈಗ್ಲೇ ಹೋಗಾಣ, ನಡೀರಿ" ಅಂದಳು. ಹೋದರು. ಕೂಸಿಗೆ ನೋಟ ಬಂತು. ತಿಳಿವಳಿಕೆ ನಮ್ಮ ಕಡೆಗೆ ತಡವಾಗಿಯೇ ಬರುತ್ತದೆ. ಬಂದಾಗ ಯಾರ ಮನೆಯಲ್ಲಿ ತೊಟ್ಟಿಲು ತೂಗುತ್ತಿದೆಯೋ ಅವರಿಗೆ ದಕ್ಕುತ್ತದೆ.

ಮಗು ಮಾತು ಕಲಿಯುವ ಹೊತ್ತಿಗೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲಿನ ಇರುವೆ ಸಾಲು ಕಂಡು ಅದಕ್ಕೆ ಸಂಭ್ರಮವೋ ಸಂಭ್ರಮ. "ಎತ್ಲಾಗೆ ಹೊಂಟವೆ, ತೋರ್ಸವ್ವ" ಅಂದಳು ದೊಡ್ಡಮ್ಮ. ಮಗು ಕೈಯೆತ್ತಿತು. ತಿಪ್ಪಮ್ಮ ಆ ಪುಟ್ಟ ತೋಳನ್ನು ಬೆರಳ ತುದಿಯವರೆಗೂ ಸವರಿ, "ಮ್ಯಾಲಕ್ಕೆ ಹೊಂಟವೆ!" ಎಂದು ನಮಗೆಲ್ಲ ಸಾರಿದಳು.

ಕರಿಯಪ್ಪ ನಗಲು ಹೋದವನು ಮುಖವನ್ನು ಅತ್ತ ತಿರುಗಿಸಿಕೊಂಡ.