ಶಾಖ ಇಳಿಸಿ ಗೆದ್ದ ಲೇಬಲ್ ಅಕ್ಕ

ಬೆಳಗಿನ ಐದೂವರೆ. ಔಷಧಿ ಗೋದಾಮಿನ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ. ಎಲ್ಲರೂ ‘ಲೇಬಲ್ ಅಕ್ಕ’ ಎಂದು ಕರೆಯುವ ಹೆಂಗಸು ಪ್ರಿಂಟರಿನ ಮುಚ್ಚಳ ತೆರೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅದರ ಹೆಡ್ಡನ್ನು, ಅಂದರೆ ಬಿಸಿಯಾಗಿ ಅಕ್ಷರ ಮೂಡಿಸುವ ತೆಳ್ಳನೆಯ ಪಟ್ಟಿಯನ್ನು, ಒರೆಸುತ್ತಿದ್ದಾರೆ. ಎಳೆಗೂಸಿನ ಕಿವಿ ಒರೆಸುವಷ್ಟು ನಾಜೂಕು. ನನಗೋ ಕುತೂಹಲ ತಡೆಯದು. ಬೆರಳು ಚಾಚುತ್ತೇನೆ. ಫಟ್ಟೆಂದು ಕೈಮೇಲೆ ಒಂದು ಪೆಟ್ಟು ಬೀಳುತ್ತದೆ.

“ಉಗುರು ತಾಗಿದ್ರೆ ಗೀರು ಬೀಳತ್ತೆ. ಆಮೇಲೆ ಪ್ರತಿ ಲೇಬಲ್ ಮೇಲೂ ಬಿಳಿ ಗೆರೆ. ಪೇಪರಿನೋರಾದ್ರೂ ಅಷ್ಟೆ, ಯಾರಾದ್ರೂ ಅಷ್ಟೆ” ಎಂದು ನಗುತ್ತಾರೆ. ನಮ್ಮ ಪರಿಚಯವಾಗುವುದು ಹೀಗೆ.

ಹದಿನಾಲ್ಕು ವರ್ಷದಿಂದ ಇದೇ ಕೋಣೆ, ಇದೇ ಕುರ್ಚಿ. ದಿನಕ್ಕೆ ಸಾವಿರದ ಇನ್ನೂರು ಲೇಬಲ್. ಒಂದೊಂದರ ಮೇಲೂ ಔಷಧಿಯ ಹೆಸರು, ಅವಧಿ ಮುಗಿಯುವ ದಿನ, ಕಪ್ಪು ಗೆರೆಗಳ ಬಾರ್‌ಕೋಡ್ ಇರುತ್ತವೆ. ಏಳು ಗಂಟೆಗೆ ಆಸ್ಪತ್ರೆಗಳ ಕಡೆ ವ್ಯಾನ್ ಹೊರಡುವುದರೊಳಗೆ ಎಲ್ಲವೂ ಡಬ್ಬಿಗಳಿಗೆ ಅಂಟಿರಬೇಕು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇವರು ಮತ್ತು ಎಪ್ಪತ್ತಾರರ ಅತ್ತೆ. ದುಡಿಯುವ ಕೈ ಒಂದೇ, ಮಾತು ಮಾತ್ರ ಇಬ್ಬರದೂ ಧಾರಾಳ.

ಈ ಕೆಲಸವೇ ಹೋದ ತಿಂಗಳು ಕೈತಪ್ಪುವುದರಲ್ಲಿತ್ತು. ಆಸ್ಪತ್ರೆಯ ಸ್ಕ್ಯಾನರಿಗೆ ಬಾರ್‌ಕೋಡ್ ಓದಲಾಗದೆ ಡಬ್ಬಿಗಳು ವಾಪಸು ಬರತೊಡಗಿದವು. ಸೋಮವಾರ ಹನ್ನೊಂದು, ಮಂಗಳವಾರ ಹತ್ತೊಂಬತ್ತು. ಮ್ಯಾನೇಜರ್ ಬಾಗಿಲಲ್ಲೇ ನಿಂತು, “ಶನಿವಾರದ ತನಕ ನೋಡ್ತೀನಮ್ಮ. ಸರಿಹೋಗ್ಲಿಲ್ಲ ಅಂದ್ರೆ ಲೇಬಲ್ ಕೆಲಸ ಹೊರಗಡೆಯೋರಿಗೆ ಕೊಡ್ತೀನಿ. ಈ ರೂಮಿಗೆ ಬೀಗ” ಎಂದು ಹೇಳಿ ಹೋದರು.



ಗೋದಾಮಿನಲ್ಲಿ ಸ್ಕ್ಯಾನರ್ ಇಲ್ಲ, ಪರೀಕ್ಷೆ ಮಾಡುವುದು ಹೇಗೆ? ಅಕ್ಕ ಅವತ್ತೇ ವಾಪಸು ಬಂದ ಲೇಬಲ್ಲೊಂದನ್ನು ಮನೆಗೆ ಒಯ್ದು ಅತ್ತೆಯ ಮುಂದೆ ಹಿಡಿದರು. ಅತ್ತೆ ಕನ್ನಡಕ ಏರಿಸಿದವರೇ, “ಇದೇನೇ, ಗೆರೆಗೆಲ್ಲ ಬಾವು ಬಂದಿದ್ಯಲ್ಲೇ. ಒಂದಕ್ಕೊಂದು ಅಂಟ್ಕೊಂಡು ಕೂತಿವೆ” ಎಂದರು.

ಅಕ್ಕನಿಗೆ ಆಗ ಹೊಳೆಯಿತು. “ಕಪ್ಪಾದಷ್ಟೂ ಚೆನ್ನ ಅಂದ್ಕೊಂಡು ಶಾಖ ಏರಿಸ್ತಾ ಹೋಗಿದ್ದೆ. ಬೇಗ ಮುಗೀಲಿ ಅಂತ ವೇಗಾನೂ ಏರಿಸ್ದೆ. ತಪ್ಪು ನಂದೇ, ಮೆಷೀನು ಪಾಪ ಏನ್ಮಾಡತ್ತೆ?”

ಮರುದಿನದಿಂದ ಶಾಖವನ್ನೂ ವೇಗವನ್ನೂ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದರು. ಪ್ರತಿ ಸಲದ ಮಾದರಿಯ ಹಿಂದೆಯೂ ಪೆನ್ಸಿಲಿನಲ್ಲಿ ಶಾಖ, ವೇಗದ ಅಂಕಿ ಬರೆದು ಮನೆಗೆ ಒಯ್ದರು. ಅತ್ತೆ ಹನ್ನೆರಡನ್ನು ಫೇಲು ಮಾಡಿ ಹದಿಮೂರನೆಯದಕ್ಕೆ ತಲೆಯಾಡಿಸಿದರಂತೆ. ಗೆರೆಗಳೇನೋ ಬಿಡಿಬಿಡಿಯಾದವು, ಆದರೆ ಪ್ರಿಂಟರ್ ಈಗ ಆಮೆ. ಏಳರೊಳಗೆ ಮುಗಿಯುವ ಮಾತೇ ಇಲ್ಲ.

ಶುಕ್ರವಾರ ಸುಮ್ಮನೆ ಅದರ ಪಕ್ಕ ಕೂತು ಕಿವಿಗೊಟ್ಟರು. ಒಂದು ಲೇಬಲ್ ಬರುತ್ತದೆ, ಯಂತ್ರ ನಿಂತು ಯೋಚಿಸುತ್ತದೆ, ಮತ್ತೊಂದು ಬರುತ್ತದೆ. ಮೇಲಿನ ಮಹಡಿಯ ಕಂಪ್ಯೂಟರ್ ಆಪರೇಟರನ್ನು ಕರೆದು ಕೇಳಿದಾಗ ಕಾರಣ ಗೊತ್ತಾಯಿತು. ಕಂಪನಿಯ ಚಿಹ್ನೆ ಪ್ರತಿ ಲೇಬಲ್ಲಿಗೂ ಕಂಪ್ಯೂಟರಿನಿಂದ ಹೊಸದಾಗಿ ಬರುತ್ತಿತ್ತು, ಅದು ಬರುವ ತನಕ ಪ್ರಿಂಟರ್ ಕಾಯುತ್ತಿತ್ತು. ಆತ ಚಿಹ್ನೆಯನ್ನು ಪ್ರಿಂಟರಿನ ನೆನಪಿನಲ್ಲೇ ಕೂರಿಸಿಕೊಟ್ಟ. ಅಕ್ಕ ಬಂದಬಂದ ಲೇಬಲ್ಲನ್ನು ಒಂದೊಂದಾಗಿ ಹರಿದು ತೆಗೆಯುವುದನ್ನು ಬಿಟ್ಟು ಉದ್ದಕ್ಕೆ ಸುರುಳಿ ಸುತ್ತತೊಡಗಿದರು.

“ಈಗ ಓಟ ನಿಧಾನ, ಆದ್ರೆ ಎಲ್ಲೂ ನಿಲ್ಲಲ್ಲ. ಶನಿವಾರ ಆರೂ ನಲವತ್ತಕ್ಕೆಲ್ಲ ಕೆಲಸ ಮುಗೀತು.”

ಶನಿವಾರ ಸಂಜೆ ವ್ಯಾನ್ ಖಾಲಿಯಾಗಿ ಬಂತು. ಮ್ಯಾನೇಜರ್ ಮಹಡಿ ಇಳಿದು ಬಂದು, “ಒಂದೂ ವಾಪಸ್ ಬಂದಿಲ್ಲಮ್ಮ” ಎಂದಷ್ಟೇ ಹೇಳಿ ಹೊರಟರು. ಅಕ್ಕ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಚೆನ್ನಾಗಿ ಅತ್ತುಬಿಟ್ಟರಂತೆ. ಹೇಳುವಾಗ ಮಾತ್ರ ನಗುತ್ತಾರೆ.

ಏನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಸಂಬಳವೋ ಹೊಸ ಯಂತ್ರವೋ ಬರಬಹುದು ಎಂದು ಪೆನ್ನು ಹಿಡಿದು ಕೂತಿದ್ದೇನೆ.

“ಬಾರ್‌ಕೋಡ್ ಓದಿದ ತಕ್ಷಣ ಸ್ಕ್ಯಾನರ್ ಬೀಪ್ ಅಂತ ಕೂಗತ್ತಂತೆ, ಅದನ್ನ ನಾನು ಕೇಳೇ ಇಲ್ಲ ನೋಡಿ, ಇಷ್ಟು ವರ್ಷದಲ್ಲಿ. ಒಂದಿನ ಆ ಆಸ್ಪತ್ರೆ ಸ್ಟೋರಲ್ಲಿ ಒಂದು ಮೂಲೇಲಿ ನಿಂತ್ಕೋಬೇಕು. ನಂದೊಂದು ಡಬ್ಬಿ ಬರ್ಬೇಕು, ಅದು ಕೂಗ್ಬೇಕು. ಲೇಬಲ್ ನಂದು ಅಂತ ಯಾರಿಗೂ ಹೇಳಲ್ಲ. ಕೇಳಿಸ್ಕೊಂಡು ಬಂದ್ಬಿಡ್ತೀನಿ.”