ಬಜರ್‌ಗೆ ಬಂದ ಉತ್ತರ

ಡಾ-ಡಿ-ಡಾ-ಡಿ. ಸುರಪುರದ ನಮ್ಮ ಪಡಸಾಲೆಯಲ್ಲಿ ಆ ವರ್ಷವೆಲ್ಲ ಇದೇ ಸದ್ದು. ಗೋಡೆಯೊಳಗೆ ಜೀರುಂಡೆ ಸೇರಿಕೊಂಡಿದೆ ಎಂದು ಅವ್ವ ಗೊಣಗುತ್ತಿದ್ದಳು. ಆ ಜೀರುಂಡೆ ನಾನೇ, ತಂತಿ ಕಳಿಸುವ ಮೋರ್ಸ್ ಸಂಕೇತ ಕಲಿಯುತ್ತಿದ್ದೆ.

ದೆವ್ವ-ಭೂತ ಎಂದರೆ ಆಗ ನನಗೆ ನಗು. ಅದೆಲ್ಲ ಪ್ಯೂರ್ ನಾನ್ಸೆನ್ಸ್ ಎಂದು ಹೈದರಾಬಾದಿನ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿ ಕಳಿಸಿದ್ದರು. ಇವತ್ತಿಗೂ ಹೆಚ್ಚೇನೂ ನಂಬುವುದಿಲ್ಲ. ಆದರೆ ಒಂದು ಸಂಜೆ ನಡೆದದ್ದನ್ನು ಮಾತ್ರ ಏನೆಂದು ಕರೆಯಲಿ, ನೀವೇ ಹೇಳಿ.

ಪೊಲೀಸ್ ಆಕ್ಷನ್ ಮುಗಿದು, ನಿಜಾಮನ ಆಳ್ವಿಕೆ ಹೋಗಿ, ಎಲ್ಲವೂ ಹೊಸದಾಗುತ್ತಿದ್ದ ಕಾಲ. ಮನೆಯಿಂದಲೇ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಲೈಸೆನ್ಸ್ ಬೇಕೆಂದು ನಾನು ಹಟ ಹಿಡಿದಿದ್ದೆ. ಅಪ್ಪನ ಗೆಳೆಯ, ಶಹಾಪುರದ ಬಸಣ್ಣ ಕಾಕಾ, ಹಿಂದೆ ಫೌಜಿನಲ್ಲಿ ಸಿಗ್ನಲ್ ಕೆಲಸ ಮಾಡಿದವರು. ಅವರೇ ಮೋರ್ಸ್ ಹೇಳಿಕೊಟ್ಟು, ತಮ್ಮ ರಿಸೀವರ್, ಬ್ಯಾಟರಿ, ಕೀ, ಬಜರ್ ಎಲ್ಲವನ್ನೂ ಎರವಲು ಕೊಟ್ಟರು. ರಿಸೀವರಿನಲ್ಲಿ ಕೇಳಬಹುದಿತ್ತು, ಕಳಿಸಲು ಬರುತ್ತಿರಲಿಲ್ಲ. ಕೀ ಒತ್ತಿದರೆ ಮೇಜಿನ ಮೇಲಿನ ಬಜರ್ ಕೂಗುತ್ತಿತ್ತು, ಅಷ್ಟೇ. ಅಪ್ಪನ ಕರಾರು ಖಡಕ್ಕಾಗಿತ್ತು: ಪರೀಕ್ಷೆಗೆ ಒಂದೇ ಚಾನ್ಸ್. ಫೇಲಾದರೆ ಸೆಟ್ ವಾಪಸ್, ನನಗೆ ಮದುವೆ.

ನನ್ನ ಕೈ ಅವಸರದ್ದು, ಅಕ್ಷರದ ಮೇಲೆ ಅಕ್ಷರ ಹತ್ತಿಸುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಒಂದು ದಿನ, ದೀಪ ಹಚ್ಚುವ ಹೊತ್ತಿನಲ್ಲಿ, ಹೆಡ್‌ಫೋನ್ ಹಾಕಿಕೊಂಡೇ ಬಜರ್ ಮೇಲೆ ಪ್ರಾಕ್ಟೀಸ್ ಮಾಡುತ್ತಿದ್ದೆ. ಒಂದು ವಾಕ್ಯ ಮುಗಿಸಿದ್ದೇ ತಡ, ರಿಸೀವರಿನ ಗೊರಗೊರದೊಳಗಿಂದ ಮೋರ್ಸ್ ಬಂತು: "ಸ್ಲೋ. ಅಗೇನ್."

ಯಾರೋ ಯಾರಿಗೋ ಹೇಳಿದ್ದು ಎಂದುಕೊಂಡು ಮತ್ತೆ ಒತ್ತಿದೆ. ಮುಗಿಸಿದ ಕೂಡಲೇ "ಅಗೇನ್." ಬೇಕೆಂದೇ ನಡುವೆ ನಿಲ್ಲಿಸಿದೆ. ಅದೂ ಕಾಯಿತು. ಅವ್ವನನ್ನು ಕೂಗೋಣವೆನಿಸಿತು. ಆದರೂ ನಾನು ಏಳಲಿಲ್ಲ, ಅದಕ್ಕೆ ನನಗೆ ಇವತ್ತಿಗೂ ಹೆಮ್ಮೆ. ತಪ್ಪಿಲ್ಲದೆ ಒತ್ತುವವರೆಗೆ ಅದು ನನ್ನನ್ನು ಬಿಡಲಿಲ್ಲ. ಕೊನೆಗೆ "ಗುಡ್" ಎಂದು ಹೋಯಿತು.

ಉದ್ದ ಸದ್ದಿನ ಡ್ಯಾಷ್‌ಗಳನ್ನು ಚಪ್ಪಲಿ ಎಳೆದಂತೆ ಎಳೆಯುವ ಕೈ ಅದು, ಥೇಟ್ ಕಾಕಾನದೇ. ಮರುದಿನವೇ ಬಸ್ಸು ಹತ್ತಿ ಶಹಾಪುರಕ್ಕೆ ಹೋಗಿ, ತಮಾಷೆ ಸಾಕು ಎಂದೆ. ಕಾಕಾ ನಕ್ಕುಬಿಟ್ಟರು.

"ಕಾನ್ವೆಂಟ್‌ನ್ಯಾಗ ಇದನ್ನ ಕಲಿಸ್ಯಾರೇನು? ನನ್ನ ಟ್ರಾನ್ಸ್‌ಮಿಟರ್ ಸರಕಾರಕ್ಕ ಒಪ್ಪಿಸಿ ಎಷ್ಟ್ ದಿನ ಆತು."

ಆ ಸದ್ದು ಹೇಗೆ ಬಂತೆಂದು ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದೆ. ಅವರ ನಗು ನಿಂತಿತು.

"ಹಿಂಗ ಎಳ್ಯೂದು ಫೌಜಿನ್ಯಾಗ ನನಗ ಮೋರ್ಸ್ ಕಲಿಸಿದ ಉಸ್ತಾದ್‌ರ ಕೈ, ತಂಗಿ. ನನಗ ಅವರಿಂದ ಬಂದದ್ದು. ಲಡಾಯಿಗಿ ಹೋದವರು ಅವರು, ತಿರುಗಿ ಬರಲಿಲ್ಲ."

ಆಮೇಲೆ ಎಷ್ಟೋ ಇಂಜಿನಿಯರುಗಳನ್ನು ಕೇಳಿದ್ದೇನೆ. ಬೇರೆಲ್ಲೋ ಇಬ್ಬರು ಮಾತಾಡುತ್ತಿದ್ದಿರಬೇಕು, ಕೋಇನ್ಸಿಡೆನ್ಸ್ ಎನ್ನುತ್ತಾರೆ. ಇರಬಹುದು. ನಾನು ನಿಲ್ಲಿಸಿದಾಗ ಅದೇಕೆ ಕಾಯಿತು ಎಂದು ಕೇಳಿದರೆ ಚಹಾ ಕುಡಿಯುತ್ತಾರೆ.

ಹೈದರಾಬಾದಿನಲ್ಲಿ ಪರೀಕ್ಷೆ ಪಾಸಾದೆ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ನಾನೇ ಮೊದಲು ಎಂದು ಅಪ್ಪ ಸಾಯುವವರೆಗೂ ಹೇಳಿಕೊಂಡು ತಿರುಗಿದರು. ವಾಪಸ್ ಬಂದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ಕಾಕಾ ಕಾದು ನಿಂತಿದ್ದರು. ಸುದ್ದಿ ಕೇಳಿ ಇಡೀ ಪ್ಲಾಟ್‌ಫಾರ್ಮಿಗೆ ಸಾರಿದರು, ಗುರುತಿಲ್ಲದವರಿಗೂ ಪೇಡೆ ಹಂಚಿದರು. ಜನ ಕರಗಿದ ಮೇಲೆ ದನಿ ತಗ್ಗಿಸಿ ಕೇಳಿದರು: "ಉಸ್ತಾದ್‌ರು ಮತ್ತ ಬಂದಿದ್ರೇನು?"

ಇಲ್ಲ ಎಂದೆ.

"ನಾ ಇಷ್ಟ್ ವರ್ಷ ಆ ಸೆಟ್ಟಿಗಿ ಕಿವಿ ಹಚ್ಚಿ ಕೂತೆ. ನನಗ ಒಂದ ಸಲನೂ ಬರಲಿಲ್ಲ. ಸೆಟ್ ನಿನ್ನ ಕಡೀನ ಇರಲಿ."

ಟೋಪಿ ಸರಿಮಾಡಿಕೊಂಡು ಶಹಾಪುರದ ಬಸ್ಸಿನ ಕಡೆ ನಡೆದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.